ಕಪ್ಪು ಚೀಲ

ಮೂರನೇ ಮಹಡಿ, ಕೋಣೆ ಹನ್ನೊಂದು.
ಒಳಗೆ ಬರುವವರೆಲ್ಲ ಎರಡೂ ಮೊಣಕಾಲಿಗೆ
ಕಪ್ಪು ಚೀಲ ಏರಿಸಿಕೊಂಡೇ ಬರಬೇಕು.
ಹೊಲಿಗೆ ಬಿದ್ದ ಕಾಲೋ, ಬರೀ ಕಸರತ್ತಿನ ಕಾಲೋ
ನನಗೆ ಗೊತ್ತಾಗಕೂಡದು. ಅಳೆಯುವವಳು ನಾನು.
ಗೊತ್ತಿದ್ದರೆ ಕೈ ಒಂದೆರಡು ಡಿಗ್ರಿ ವಾಲುತ್ತದಂತೆ;
ಡಾಕ್ಟರ್ ಹಿರೋಳಿ ಮೊದಲ ದಿನವೇ ಹೇಳಿದ್ದರು:
"ಮರುಕವೂ ಒಂದು ತಪ್ಪು ಅಳತೆ."

ಹಾಗಾಗಿ ಮೇ ತಿಂಗಳ ಕಲಬುರಗಿಯಲ್ಲಿ,
ಕಿಟಕಿಯ ಸರಳು ಮುಟ್ಟಲಾಗದ ಮಧ್ಯಾಹ್ನಗಳಲ್ಲಿ,
ಚೀಲದೊಳಗೆ ಬೆವರುವ ಚಿಪ್ಪುಗಳು.
ಲಕೋಟೆ ಒಡೆದದ್ದು ಬೇರೆ ಕೋಣೆಯಲ್ಲಿ.
ಕತ್ತರಿಯೋ ಕಸರತ್ತೋ, ಒಳಗಿನ ಚೀಟಿಗೆ ಗೊತ್ತು.
ಯಾರೂ ಬರೆಯದ ಹಣೆಬರಹ ಅದು,
ಕಂಪ್ಯೂಟರು ಕಣ್ಣುಮುಚ್ಚಿ ಎತ್ತಿದ್ದು.

ನನ್ನ ಬಳಿ ಇರುವುದು ಕೋನ ಅಳೆಯುವ ಪಟ್ಟಿ,
ಒಂದು ಟೇಪು, ನೆಲದ ಮೇಲೆ ಬಿಳಿ ಗೆರೆ,
ಮತ್ತು ಎಲ್ಲಿಂದಲೋ ಅನುವಾದವಾಗಿ ಬಂದ ನಾಲ್ಕು ಪುಟ.

ಏಳನೇ ಪ್ರಶ್ನೆ:
"ನಿಮ್ಮ ಮೊಣಕಾಲು ದಾರಿ ಕೊಡುತ್ತದೆಯೇ?"
ಹಮಾಲ ಕಮಾಲಸಾಬ್, ಗಂಜಿನಲ್ಲಿ
ತೊಗರಿ ಮೂಟೆ ಹೊತ್ತು ಕಾಲು ತಿರುವಿಕೊಂಡವ,
ಬಹಳ ಹೊತ್ತು ಯೋಚಿಸಿ ಅಂದ:
"ಕೊಡ್ತದ್ರಿ ಬಾಯಾರ. ಕೊಡಲಾರದೆ
ದವಾಖಾನಿ ತನಕ ಹ್ಯಾಂಗ ಬಂದೆ?"
'ಹೌದು' ಎಂಬ ಚೌಕಕ್ಕೆ ಗುರುತು ಹಾಕಿದೆ.
ಅವನಿಗಿಂತ ಮುಂಚೆ ಹದಿನಾರು ಮಂದಿ
ಹೀಗೇ ದಾರಿ ಕೊಟ್ಟು ಹೋಗಿದ್ದರು.

ಜಗದೇವಿ ಮಾತ್ರ ನಕ್ಕುಬಿಟ್ಟಳು.
ಶಾಹಬಾದದವಳು. ರೇಡಿಗೆ ಹೋಗಿ ಹೊರಳುವಾಗ
ಎಡಗಾಲೊಳಗ ಒಣ ತೊಗರಿಕಾಯಿ ಸಿಡಿದಂಗ
ಟಪ್ ಅಂದಿತ್ತಂತೆ. ಅಷ್ಟೇ. ಆಮೇಲೆ ಊತ.
"ದಾರಿ ಅಲ್ರಿ ಮೇಡಂ, ಕೈ.
ನಮ್ಮ ಕಡಿ ಕಾಲು ಕೈ ಕೊಡ್ತದ."

ಕಾಲು ಕೈ ಕೊಡುತ್ತದೆ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.
ಆ ರಾತ್ರಿ ಹದಿನೇಳು ಫಾರಂ ಹರಡಿಕೊಂಡು
ಹದಿನೇಳು ಫೋನು ಹಚ್ಚಿದೆ.
ಹನ್ನೊಂದು ಜನ ಉತ್ತರ ಬದಲಿಸಿದರು.
ಇಬ್ಬರು ಪುಣೆಯಲ್ಲಿ, ಗಾರೆ ಕೆಲಸದ ಮೇಲೆ; ಕಾಲಿನ ಮಾತೇ ಬೇಡ ಅಂದರು.
ಒಬ್ಬನ ನಂಬರಿನಲ್ಲಿ ಬೇರೆ ಯಾರದೋ ಮಗು ಹಲೋ ಅಂತು.
ಉಳಿದವರು ಬೈದರು, ಹತ್ತೂವರೆ ಆಗಿತ್ತು.

ಎಲ್ಲರಿಗೂ ಹೇಳಿಬಿಡುವ ತವಕ.
"ಅವರು ನನಗ ಒಳಗ ಕರಕೊಂಡು ಹೋಗಿ—" ಎಂದು
ಬಾಯಿ ತೆರೆದವರನ್ನು ಕೈಯೆತ್ತಿ ತಡೆದಿದ್ದೇನೆ,
ಟ್ರಾಫಿಕ್ ಪೊಲೀಸಳ ಹಾಗೆ.
ಜಗದೇವಿ ಒಂದು ಸಲವೂ ಬಾಯಿ ಬಿಡಲಿಲ್ಲ.
ಒಂಟಿಗಾಲಲ್ಲಿ ಜಿಗಿದು ಗೆರೆ ದಾಟಿ
ಏದುಸಿರಿನಲ್ಲೇ ಅಂಕ ಕೇಳುತ್ತಿದ್ದಳು:
ಬಲಗಾಲಿನ ನೂರಕ್ಕೆ ಎಡಗಾಲು ಅರವತ್ತೆರಡು.
ಆರು ತಿಂಗಳಿಗೆ ಎಪ್ಪತ್ತೊಂಬತ್ತು.
ವರ್ಷಕ್ಕೆ, ಯಾಕೋ, ಎಪ್ಪತ್ತನಾಲ್ಕು.

ಇಳಿದ ಆ ದಿನ ಎದ್ದು ಹೋಗದೆ ಕೂತಳು.
"ಚೀಲ ಬಿಚ್ಚಲೇನ್ರಿ? ಒಮ್ಮಿ ನೋಡ್ರಿ.
ನೀವಾರ ಹೇಳ್ರಿ, ಇದು ಆಗೋದೋ ಅಲ್ಲೋ."
ಬೇಡ ಅಂದೆ. ಗೋಡೆಯ ಕಡೆ ತಿರುಗಿದೆ.
ಗೋಡೆಯ ಮೇಲೆ ಔಷಧ ಕಂಪನಿಯ ಕ್ಯಾಲೆಂಡರು,
ಬೆನ್ನ ಹಿಂದೆ ಮೂಗು ಸೀಟಿದ ಸದ್ದು.

ಮೊನ್ನೆ ಭಾನುವಾರ ವಾಡಿಗೆ ಹೊರಟಿದ್ದೆ.
ಶಾಹಬಾದದಲ್ಲಿ ಸಿಗ್ನಲ್ ಸಿಗದೆ ಗಾಡಿ ನಿಂತಿತು.
ಹಳಿಯಾಚೆ, ಒಡೆದ ಫರಸಿ ಕಲ್ಲು ಒತ್ತಿಗಿಟ್ಟು
ಹಸನು ಮಾಡಿದ ಅಂಗಳ. ಹುಡುಗಿಯರು. ಚಡ್ಡಿ, ಬನಿಯನ್ನು,
ಬಿಸಿಲಿಗೆ ಬಿಟ್ಟ ಮೊಣಕಾಲುಗಳು.
ಮೊದಲು ಗುರುತು ಸಿಕ್ಕಿದ್ದು ಗಂಟಲು.

ಇಪ್ಪತ್ತನಾಲ್ಕನೇ ತಿಂಗಳ ಅಳತೆಗೆ
ಇನ್ನೂ ಒಂಬತ್ತು ದಿನ.
ಕಿಟಕಿಯಿಂದ ಮುಖ ತಿರುಗಿಸಿ
ಎದುರಿನ ಮುದುಕಿಯ ಬುತ್ತಿಗಂಟಿಗೆ ಕಣ್ಣು ನೆಟ್ಟೆ.
ಕಬಡ್ಡಿ ಕಬಡ್ಡಿ ಕಬಡ್ಡಿ.
ಹೊರಳುವ ಹೊತ್ತಿಗೆ
ಚಣ ಮಾತ್ರ ಏನೂ ಕೇಳಲಿಲ್ಲ.
ನನ್ನ ಎಡ ಮೊಣಕಾಲು ತಾನಾಗಿ ಬಿಗಿಯಿತು.
ಮತ್ತೆ ಕಬಡ್ಡಿ.

"ಯಾಕವ್ವ, ಆಟ ಸೇರಂಗಿಲ್ಲೇನು?"
ಮುದುಕಿ ಗಂಟು ಬಿಚ್ಚುತ್ತ ಕೇಳಿದಳು.
ಸೇರ್ತದ, ಅಂದೆ.
ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು
ನನ್ನ ಕಡೆ ಚಾಚಿದಳು.